ಮಲಗಿದ್ದವಳು ಮಗು, ಮೈಮರೆತಿದ್ದವನು ಮೇಷ್ಟ್ರು

*ದಿನಕ್ಕೊಂದು ಧಮ್ಮ ಚಿಂತನೆ*



ಕಳೆದ ಭಾನುವಾರ ನಮ್ಮ ಓದಿನಲ್ಲಿ ಅಷ್ಟಾಂಗ ಮಾರ್ಗದ ಏಳನೆಯ ಅಂಗವಾದ ಸಮ್ಮಾ ಸತಿಯ ಬಗ್ಗೆ ಮಾತು ನಡೆದಿತ್ತು. ಹಿಂದೆ ಕೂತಿದ್ದ ಒಬ್ಬ ತಾಯಿ ಕೇಳಿದರು: "ಸದಾ ಎಚ್ಚರ ಇರ್ಬೇಕು ಅಂತೀರಿ ಸಾರ್. ನಾನು ಹೊಲದಿಂದ ಬಂದು, ರೊಟ್ಟಿ ಬಡಿದು, ಎಲ್ಲರಿಗೂ ಉಣ್ಣಾಕಿಟ್ಟು ಕಣ್ಣು ಮುಚ್ಚಿ ಕೂತ್ರೆ ನಿದ್ದೆ ಬಂದ್ಬಿಡ್ತೈತೆ. ನಾನು ಧಮ್ಮಕ್ಕೆ ಲಾಯಕ್ಕಿಲ್ವಾ?"

ಎಲ್ಲರೂ ನಕ್ಕರು. ಆ ತಾಯಿಯೂ ನಕ್ಕರು. ಹೊತ್ತಾಗಿತ್ತು, ಸಭೆ ಮುಗಿಯಿತು. ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. ಇದೇ ಪ್ರಶ್ನೆಗೆ ನಾನು ಹಿಂದೊಮ್ಮೆ ತಪ್ಪು ಉತ್ತರ ಕೊಟ್ಟವನು. ಅದನ್ನು ಮೊದಲು ನಿಮ್ಮೆದುರು ಒಪ್ಪಿಕೊಂಡು ಆಮೇಲೆ ಧಮ್ಮದ ಮಾತಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಹಡಗಲಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಏಳನೇ ತರಗತಿಗೆ ಮೊದಲ ಪೀರಿಯಡ್ ಕನ್ನಡ. ಬೋರ್ಡಿನ ಮೇಲೆ ಲೋಪಸಂಧಿ, ಆಗಮಸಂಧಿ ಬರೆದು ತಿರುಗಿ ನೋಡಿದರೆ ಮೂರನೇ ಸಾಲಿನಲ್ಲಿ ಒಬ್ಬ ಹುಡುಗಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ್ದಾಳೆ. ಅಲ್ಲಿನ ನಮ್ಮ ಕೇರಿಯ ಮಗುವೇ. ಮೂರು ದಿನದಿಂದ ನೋಡುತ್ತಿದ್ದೆ. ಹತ್ತಿರ ಹೋದೆ. ಮಲ್ಲಿಗೆ ವಾಸನೆ ಬಂತು. "ಹೂವು ಮುಡಿದು ಶೋಕಿ ಮಾಡಿಕೊಂಡು ಬಂದು ಇಲ್ಲಿ ಮಲಗ್ತೀಯಾ, ಕುಂಭಕರ್ಣನ ತಂಗಿ?" ಎಂದೆ. ತರಗತಿ ಗೊಳ್ಳೆಂದಿತು. ಅವಳು ಎದ್ದು ನಿಂತಳು. ಅಳಲಿಲ್ಲ, ಏನೂ ಹೇಳಲಿಲ್ಲ. ಪೀರಿಯಡ್ ಮುಗಿಯುವ ತನಕ ನಿಲ್ಲಿಸಿದೆ.

ಮಧ್ಯಾಹ್ನ ಬಿಸಿಯೂಟದ ಅಡುಗೆಯ ಅಕ್ಕ ನನ್ನ ತಟ್ಟೆಗೆ ಸಾರು ಹಾಕುತ್ತಾ ಮೆಲ್ಲಗೆ ಹೇಳಿದರು: "ಆ ಹುಡುಗಿ ದಿನಾ ನಾಕು ಗಂಟೆಗೆ ಎದ್ದು ಅವ್ವನ ಜೊತೆ ಮೊಗ್ಗು ಬಿಡ್ಸಾಕೆ ಹೋಗ್ತೈತೆ ಸಾರ್. ಅವರಪ್ಪ ಗುಳೆ ಹೋಗ್ಯಾನೆ."

ಹೂವಿನ ಹಡಗಲಿ ಎಂಬ ಹೆಸರೇ ಹೇಳುವಂತೆ ಆ ನೆಲದ ಮಲ್ಲಿಗೆಗೆ ದೊಡ್ಡ ಹೆಸರು. ಹಡಗಲಿ ಮಲ್ಲಿಗೆಗೆ ಸರ್ಕಾರದ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಆ ಮೊಗ್ಗನ್ನು ಕತ್ತಲಲ್ಲೇ ಬಿಡಿಸಬೇಕು ಎಂಬುದು ಹೂ ಮುಡಿಯುವವರಿಗೆ ಗೊತ್ತಿರುವುದಿಲ್ಲ. ಮಧ್ಯಾಹ್ನ ಆ ಮಗುವನ್ನು ಮತ್ತೆ ನೋಡಿದೆ. ತಲೆಯಲ್ಲಿ ಒಂದು ಎಸಳು ಹೂವೂ ಇರಲಿಲ್ಲ. ಮಲ್ಲಿಗೆ ವಾಸನೆ ಬರುತ್ತಿದ್ದುದು ಅವಳ ಕೈಯಿಂದ. ಉಗುರಿನ ತುದಿಗಳು ಕಪ್ಪಾಗಿದ್ದವು.

ಬೆಳಿಗ್ಗೆ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಕಣ್ಣು ತೆರೆದೇ ಇತ್ತು. ಇಲ್ಲದ ಹೂವನ್ನು ಕಂಡೆ, ಇದ್ದ ಕೈಯನ್ನು ಕಾಣಲಿಲ್ಲ.

ಅದಕ್ಕಿಂತ ನನ್ನನ್ನು ಸುಟ್ಟದ್ದು ಇನ್ನೊಂದು ನೆನಪು. ನಾನು ಚಿಕ್ಕವನಿದ್ದಾಗ ನಮ್ಮಪ್ಪ ಬೇರೆಯವರ ಹೊಲಕ್ಕೆ ರಾತ್ರಿ ನೀರು ಹಾಯಿಸುವ ಕೆಲಸ ಮಾಡುತ್ತಿದ್ದರು. ಕರೆಂಟು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಏಳಬೇಕು, ಮೋಟಾರು ಹಾಕಬೇಕು, ಬೆಳಗಿನ ತನಕ ಮಡಿಯಿಂದ ಮಡಿಗೆ ನೀರು ತಿರುಗಿಸಬೇಕು. ಹಗಲು ಬೇವಿನ ಮರದ ಕೆಳಗೆ ಟವೆಲ್ ಹಾಸಿ ಒರಗುತ್ತಿದ್ದರು. ದಾರಿಯಲ್ಲಿ ಹೋಗುವವರು ಅಂದುಕೊಂಡು ಹೋಗುತ್ತಿದ್ದರು: "ಈ ಕೇರಿಯವರ ಕಥೆನೇ ಇಷ್ಟು, ಹಗಲೊತ್ತೇ ಕುಂಭಕರ್ಣ ನಿದ್ದೆ." ಆ ಮಾತು ಕೇಳಿ ಹುಡುಗನಾದ ನನಗೆ ಅಪ್ಪನ ಮೇಲೇ ನಾಚಿಕೆಯಾಗುತ್ತಿತ್ತು. ಎಂ.ಎ. ಓದಿ, ದೀಕ್ಷೆ ಪಡೆದು, ಗೋಡೆಯ ಮೇಲೆ ಬಾಬಾಸಾಹೇಬರ ಚಿತ್ರ ಹಾಕಿಕೊಂಡು, ಅದೇ ಊರಿನವರ ಅದೇ ಮಾತನ್ನು ನಾನು ನಮ್ಮದೇ ಮಗುವಿಗೆ ಅಂದಿದ್ದೆ.

ಬಂಧುಗಳೇ, *ಅವತ್ತು ಆ ತರಗತಿಯಲ್ಲಿ ಮಲಗಿದ್ದವಳು ಆ ಹುಡುಗಿ. ಎಚ್ಚರ ತಪ್ಪಿದ್ದವನು ನಾನು.* ನಿದ್ದೆ ಬೇರೆ, ಮೈಮರೆವು ಬೇರೆ. ಇವತ್ತಿನ ಚಿಂತನೆಯೆಲ್ಲ ಇಷ್ಟೇ.

*ಭಗವಾನರು ಏನು ಹೇಳಿದರು?*

ಅಂಗುತ್ತರ ನಿಕಾಯದ ಏಳರ ನಿಪಾತದಲ್ಲಿ ಒಂದು ಪ್ರಸಂಗವಿದೆ. ಮೊಗ್ಗಲ್ಲಾನರು ಇನ್ನೂ ಅರಹಂತರಾಗಿರಲಿಲ್ಲ. ಮಗಧದ ಕಲ್ಲವಾಲಮುತ್ತ ಎಂಬ ಹಳ್ಳಿಯಲ್ಲಿ ಧ್ಯಾನಕ್ಕೆ ಕೂತು ತೂಕಡಿಸುತ್ತಿದ್ದರು. ಮುಂದೆ ಬುದ್ಧರ ಇಬ್ಬರು ಅಗ್ರಶ್ರಾವಕರಲ್ಲಿ ಒಬ್ಬರಾದವರು ಇವರು. ಅವರಿಗೂ ತೂಕಡಿಕೆ ಬಿಟ್ಟಿರಲಿಲ್ಲ. ಭಗವಾನರು ಅವರನ್ನು ಗದರಲಿಲ್ಲ, ನಾಲ್ಕು ಜನರ ಮುಂದೆ ನಿಲ್ಲಿಸಲಿಲ್ಲ. ಮದ್ದು ಹೇಳಿದರು, ಒಂದೊಂದಾಗಿ. ಯಾವ ಯೋಚನೆ ತೂಕಡಿಕೆ ತರುತ್ತದೋ ಅದನ್ನು ಬಿಡು. ಹೋಗದಿದ್ದರೆ ಕೇಳಿದ ಧಮ್ಮವನ್ನು ಮನಸ್ಸಿನಲ್ಲಿ ಮೆಲುಕು ಹಾಕು. ಹೋಗದಿದ್ದರೆ ಬಾಯಿಬಿಟ್ಟು ಹೇಳಿಕೋ. ಕಿವಿ ಎಳೆದುಕೋ, ಕೈಕಾಲು ತಿಕ್ಕಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡು. ಬೆಳಕನ್ನು ಮನಸ್ಸಿಗೆ ತಂದುಕೋ. ಅತ್ತಿಂದಿತ್ತ ನಡೆ. ಇಷ್ಟಾದರೂ ಹೋಗದಿದ್ದರೆ? ಬಲ ಮಗ್ಗುಲಾಗಿ ಮಲಗು; ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಮಲಗು; ಎಚ್ಚರವಾದೊಡನೆ ಏಳು.

ಕೊನೆಯ ಮದ್ದು ನಿದ್ದೆಯೇ. ದೇಹ ನಿಜವಾಗಿ ದಣಿದಿದ್ದರೆ ಅದಕ್ಕೆ ಕೊಡಬೇಕಾದದ್ದನ್ನು ಕೊಡಬೇಕು.

ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತದಲ್ಲಿ ಇದಕ್ಕಿಂತ ನೇರವಾದ ಮಾತಿದೆ. ಸಚ್ಚಕ ಎಂಬ ವಾದಿ ಬುದ್ಧರನ್ನು ಸಿಕ್ಕಿಸಲು ಕೇಳುತ್ತಾನೆ: ನೀವು ಹಗಲು ಮಲಗಿದ್ದುಂಟೇ? ಉಂಟು, ಬೇಸಿಗೆಯ ಕೊನೆಯ ತಿಂಗಳಲ್ಲಿ ಊಟವಾದ ಮೇಲೆ ಬಲ ಮಗ್ಗುಲಾಗಿ ಸ್ಮೃತಿಯಿಂದ ನಿದ್ದೆ ಮಾಡಿದ್ದುಂಟು ಎಂದು ಬುದ್ಧರು ಮುಚ್ಚಿಡದೆ ಒಪ್ಪುತ್ತಾರೆ. ಕೆಲವರು ಅದನ್ನೇ ಮೋಹದ ಬದುಕು ಎನ್ನುತ್ತಾರಲ್ಲ ಎಂದು ಅವನು ಕೊಂಕು ತೆಗೆದಾಗ ಅವರ ಉತ್ತರದ ಸಾರ ಇದು: ಯಾರೊಬ್ಬ ಮಲಗಿದನೋ ಇಲ್ಲವೋ ಎಂಬುದರಿಂದ ಅವನು ಮೂಢನೋ ಅಲ್ಲವೋ ತಿಳಿಯುವುದಿಲ್ಲ, ಚಿತ್ತದ ಕೊಳೆ ಹೋಗಿದೆಯೋ ಇಲ್ಲವೋ, ಅದನ್ನು ನೋಡಬೇಕು. ಈ ಪ್ರಸಂಗ ಓದಿದಾಗ ನನಗೆ ಬೇವಿನ ಮರದ ಕೆಳಗೆ ಮಲಗಿದ ಅಪ್ಪ ನೆನಪಾದರು. ಅವರ ಪರವಾಗಿ ಯಾರೋ ಉತ್ತರ ಕೊಟ್ಟ ಹಾಗಾಯಿತು.

ಐದು ನೀವರಣಗಳಲ್ಲಿ ಥೀನಮಿದ್ಧವೂ ಒಂದು, ನಿಜ. ಅದು ಮನಸ್ಸಿನ ಜಡತೆ. ಒಳ್ಳೆಯದನ್ನು ಮಾಡಬೇಕಾದಾಗ ಹಿಂಜರಿದು ಮುದುಡಿಕೊಳ್ಳುವ ಗುಣ. ಎಂಟು ಗಂಟೆ ಹಾಸಿಗೆಯಲ್ಲಿ ಮಲಗಿ ಎದ್ದವನಿಗೂ ಅದು ಇರಬಹುದು. ರಾತ್ರಿಯೆಲ್ಲ ನೀರು ಹಾಯಿಸಿದವನಿಗೆ ಇಲ್ಲದಿರಬಹುದು.

*ವಿಜ್ಞಾನ ಏನು ಹೇಳುತ್ತದೆ?*

ನಿದ್ದೆ ಎಂದರೆ ದೀಪ ಆರಿಸಿದ ಹಾಗೆ ಎಂದು ಬಹಳ ಕಾಲ ಜನ ತಿಳಿದಿದ್ದರು. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್ಸ್ಕಿ ಎಂಬ ಸಂಶೋಧಕ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನನ್ನು ಮಲಗಿಸಿ, ಯಂತ್ರ ಜೋಡಿಸಿ ರಾತ್ರಿಯೆಲ್ಲ ನೋಡುತ್ತಾ ಕೂತ. ಮುಚ್ಚಿದ ರೆಪ್ಪೆಯ ಕೆಳಗೆ ಹುಡುಗನ ಕಣ್ಣು ಸರಸರ ಓಡಾಡುತ್ತಿತ್ತು. 1953ರಲ್ಲಿ ಅವನೂ ಅವನ ಗುರು ಕ್ಲೀಟ್ಮನ್ನರೂ ಇದನ್ನು ಪ್ರಕಟಿಸಿದರು. ಹೀಗೆ ಕಣ್ಣು ಓಡಾಡುವ ನಿದ್ದೆಯಲ್ಲೇ ನಮ್ಮ ಹೆಚ್ಚಿನ ಕನಸುಗಳು ಬೀಳುತ್ತವೆ. ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ ರಾತ್ರಿಗೆ ನಾಲ್ಕೈದು ಸುತ್ತು ನಿದ್ದೆ ನಡೆಯುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಹೆಚ್ಚು. ಬೆಳಗಿನ ಜಾವದ ಸುತ್ತುಗಳಲ್ಲಿ ಕನಸಿನ ನಿದ್ದೆ ಹೆಚ್ಚು. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ನೆರವಾಗುತ್ತದೆ. ಅಂದರೆ ಮಲಗಿದ ಮಗುವಿನ ಮಿದುಳು ಪಾಠ ಓದಿಕೊಳ್ಳುತ್ತಿರುತ್ತದೆ ಎಂದೇ ತಿಳಿಯಿರಿ.

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾವೈದ್ಯರು. ಹತ್ತಕ್ಕೆ ಮಲಗಿ ನಾಲ್ಕಕ್ಕೆ ಏಳುವ ಮಗುವಿಗೆ ಸಿಗುವುದು ಆರು. ಬೆಳಗಿನ ಜಾವದ ಸುತ್ತುಗಳೇ ಅವಳಿಗೆ ಇಲ್ಲ. ಅವಳ ಬುದ್ಧಿ ಮಂದವಲ್ಲ, ಅವಳ ಪಾಲಿನ ರಾತ್ರಿ ಕಡಿಮೆ. ಗುಳೆ ಹೋದವರ ಮಕ್ಕಳು ಕಟ್ಟಡದ ಶೆಡ್ಡಿನಲ್ಲಿ, ಎಸ್ಟೇಟಿನ ಲೈನುಮನೆಯಲ್ಲಿ ಎಂಥ ನಿದ್ದೆ ಮಾಡುತ್ತಾರೆಂಬುದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅನ್ನದಲ್ಲಿ, ನೀರಿನಲ್ಲಿ, ಭೂಮಿಯಲ್ಲಿ ಅಸಮಾನತೆ ಇದೆ ಎಂದು ನಾವು ಮಾತಾಡುತ್ತೇವೆ. ನಿದ್ದೆಯಲ್ಲೂ ಇದೆ. ಅದನ್ನು ನಾವು ಎಣಿಸಿಲ್ಲ, ಅಷ್ಟೇ.

ಇಲ್ಲೇ ಇನ್ನೊಂದು ಮಾತು. ಮಲಗಿದಾಗ ಜೀವ ಹೊರಗೆ ತಿರುಗಾಡಲು ಹೋಗಿರುತ್ತದೆ ಎಂದು ನಮ್ಮ ಹಿರಿಯರಲ್ಲಿ ಕೆಲವರು ಈಗಲೂ ಹೇಳುತ್ತಾರೆ. ನಸುಕಿನಲ್ಲಿ ಎಚ್ಚರವಾದರೂ ಕೈಕಾಲು ಆಡದೆ ಎದೆ ಮೇಲೆ ಯಾರೋ ಕೂತಂತಾದರೆ ದೆವ್ವ ಎನ್ನುತ್ತಾರೆ, ತಾಯಿತಕ್ಕೆ ದುಡ್ಡು ಕೊಡುತ್ತಾರೆ. ಕನಸಿನ ನಿದ್ದೆಯಲ್ಲಿ ಮಿದುಳು ಸ್ನಾಯುಗಳನ್ನು ಬಿಗಿ ಹಿಡಿದಿರುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡಿದವನು ಹಾಸಿಗೆ ಬಿಟ್ಟು ಓಡಿಯಾನು. ಆ ಹಿಡಿತ ಬಿಡುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ. ನಿದ್ದೆಗೆಟ್ಟವರಿಗೆ ಹೆಚ್ಚು. ಒಂದೆರಡು ನಿಮಿಷದಲ್ಲಿ ತಾನೇ ಹೋಗುತ್ತದೆ. ಇನ್ನು ಹೊರಗೆ ಹೋಗಿ ಬರುವ ಜೀವದ ಮಾತು: ಬುದ್ಧರ ಕಾಲದಲ್ಲೇ ಸಾತಿ ಎಂಬ ಭಿಕ್ಕು, ಒಂದೇ ವಿಞ್ಞಾಣ ಅಲ್ಲಿಂದಿಲ್ಲಿಗೆ ಸುತ್ತಾಡುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಭಗವಾನರು ಕರೆಸಿ ತಿದ್ದಿದರು. ಕಟ್ಟಿಗೆಯಿಂದ ಹತ್ತಿದ್ದು ಕಟ್ಟಿಗೆಯ ಬೆಂಕಿ, ಹುಲ್ಲಿನಿಂದ ಹತ್ತಿದ್ದು ಹುಲ್ಲಿನ ಬೆಂಕಿ. ಹಾಗೇ ಕಣ್ಣು ಮತ್ತು ರೂಪ ಸೇರಿದಾಗ ಕಣ್ಣಿನ ಅರಿವು, ಕಿವಿ ಮತ್ತು ಶಬ್ದ ಸೇರಿದಾಗ ಕಿವಿಯ ಅರಿವು. ಕಾರಣವಿದ್ದರೆ ಅರಿವು, ಕಾರಣವಿಲ್ಲದಿದ್ದರೆ ಇಲ್ಲ.

*ಹಾಗಾದರೆ ಮೈಮರೆವು ಯಾವುದು?*

ಕಣ್ಣು ತೆರೆದಿದ್ದರೂ ಕಾಣದಿರುವುದು. 1999ರಲ್ಲಿ ಸೈಮನ್ಸ್ ಮತ್ತು ಚಾಬ್ರಿಸ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಚೆಂಡು ಎಸೆದಾಡುವ ಆಟಗಾರರ ವಿಡಿಯೊ ತೋರಿಸಿ, ಬಿಳಿ ಅಂಗಿಯವರು ಎಷ್ಟು ಸಲ ಎಸೆದರು ಎಣಿಸಿ ಎಂದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಆಟಗಾರರ ಮಧ್ಯೆ ಬಂದು, ಎದೆ ಬಡಿದುಕೊಂಡು ಹೋದರು. ನೋಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅದು ಕಾಣಲೇ ಇಲ್ಲ. ಗಮನ ಎಣಿಕೆಯಲ್ಲಿತ್ತು. ಗಮನ ಎಲ್ಲಿಲ್ಲವೋ ಅಲ್ಲಿ ಕಣ್ಣಿದ್ದೂ ಕುರುಡು.

ನಾನು ಅವತ್ತು ತಪ್ಪು ಹುಡುಕುತ್ತಿದ್ದೆ, ತಪ್ಪೇ ಸಿಕ್ಕಿತು. ಸಾವಿರಾರು ವರ್ಷ ಈ ದೇಶ ನಮ್ಮ ಹಿರಿಯರನ್ನು ನೋಡಿದ್ದೂ ಹೀಗೆಯೇ. ದುಡಿಮೆ ಕಣ್ಣೆದುರಿಗೇ ಇತ್ತು. ಹೊಲೆ, ಮೈಲಿಗೆ ಎಂದು ಎಣಿಸುತ್ತಿದ್ದವರಿಗೆ ಅದು ಕಾಣಲಿಲ್ಲ. ಅವರ ಆ ಕಣ್ಣು ನಮಗೂ ಅಂಟಿಕೊಳ್ಳಬಹುದು, ನನಗೆ ಅಂಟಿತ್ತು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸಮ್ಮಾ ಸತಿಯನ್ನು ವಿವರಿಸುವಾಗ ಅದು ಮನಸ್ಸು ತನ್ನ ಕೆಟ್ಟ ಭಾವಗಳ ಮೇಲೆ ಇಡುವ ಕಾವಲು ಎಂಬರ್ಥದಲ್ಲಿ ಹೇಳಿದ್ದಾರೆ. ಕಾವಲು ಇಡಬೇಕಾದ್ದು ಬೇರೆಯವರ ಮೇಲಲ್ಲ, ನಮ್ಮ ಮೇಲೆ.

ಪಂಚಶೀಲದ ಐದನೆಯದನ್ನು ನೆನೆಯಿರಿ. ಮದ್ಯ ಬೇಡ ಎನ್ನಲು ಅಲ್ಲಿ ಕೊಟ್ಟ ಕಾರಣವೇ ಪಮಾದ, ಮೈಮರೆವು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಮದ್ಯ ಮುಟ್ಟುವುದಿಲ್ಲ ಎಂಬುದಿದೆ. "ಕುಡಿದರೇನೇ ನಿದ್ದೆ ಬರೋದು" ಎನ್ನುವ ಅಣ್ಣಂದಿರು ನಮ್ಮಲ್ಲಿದ್ದಾರೆ. ಬೇಗ ಬರುತ್ತದೆ, ನಿಜ. ಆದರೆ ಮದ್ಯ ಕನಸಿನ ನಿದ್ದೆಯನ್ನು ಅದುಮುತ್ತದೆ, ನಡುರಾತ್ರಿಯ ಮೇಲೆ ನಿದ್ದೆಯನ್ನು ಚೂರು ಚೂರು ಮಾಡುತ್ತದೆ. ಬೆಳಿಗ್ಗೆ ಎದ್ದವನಿಗೆ ವಿಶ್ರಾಂತಿಯೂ ಇಲ್ಲ, ದುಡ್ಡೂ ಇಲ್ಲ. ಅವನ ಗದ್ದಲಕ್ಕೆ ಮನೆಯ ಮಕ್ಕಳಿಗೂ ನಿದ್ದೆ ಇಲ್ಲ.

ಮೊಬೈಲೂ ಅಷ್ಟೇ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಮೊಬೈಲ್, ಇಂಟರ್ನೆಟ್ ಗೀಳಿಗೆ ಪ್ರತ್ಯೇಕ ಚಿಕಿತ್ಸಾ ಘಟಕ ತೆರೆಯಬೇಕಾಯಿತು. ಈ ಚಿಂತನೆಯೂ ನಿಮಗೆ ಮೊಬೈಲಿನಲ್ಲೇ ಬರುತ್ತಿದೆ, ಗೊತ್ತು. ಅದಕ್ಕೇ ಬೆಳಿಗ್ಗೆ ಕಳಿಸುತ್ತೇವೆ. ರಾತ್ರಿ ಹತ್ತರ ಮೇಲೆ ನಮ್ಮ ಗುಂಪಿಗೆ ಯಾರೂ ಏನನ್ನೂ ಹಾಕಬೇಡಿರೆಂದು ಕೈಮುಗಿದು ಕೇಳುತ್ತೇನೆ, ಅದು ಜೈ ಭೀಮ್ ಚಿತ್ರವಾದರೂ ಸರಿ.

ಅದೇ ನಿಮ್ಹಾನ್ಸಿನ ಸಂಶೋಧಕರು ಬಹಳ ವರ್ಷ ವಿಪಸ್ಸನ ಅಭ್ಯಾಸ ಮಾಡಿದವರ ನಿದ್ದೆಯನ್ನು ಯಂತ್ರವಿಟ್ಟು ಅಳೆದಿದ್ದಾರೆ. ವಯಸ್ಸಾದಂತೆ ಗಾಢ ನಿದ್ದೆ ಇಳಿಯುವುದು ಸಹಜ. ಧ್ಯಾನ ಮಾಡದ ಅದೇ ವಯಸ್ಸಿನವರಿಗೆ ಹೋಲಿಸಿದರೆ ಈ ಸಾಧಕರಲ್ಲಿ ಗಾಢ ನಿದ್ದೆಯೂ ಕನಸಿನ ನಿದ್ದೆಯೂ ಹೆಚ್ಚು ಉಳಿದಿದ್ದವು ಎಂಬುದು 2010ರಲ್ಲಿ ಪ್ರಕಟವಾದ ಅವರ ಅಧ್ಯಯನದ ತಿಳಿವು. ಎಚ್ಚರವನ್ನು ರೂಢಿಸಿಕೊಂಡವರೇ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಸತಿ ಮತ್ತು ನಿದ್ದೆ ಒಂದಕ್ಕೊಂದು ವೈರಿಗಳಲ್ಲ.

*ಒಬ್ಬರ ಎಚ್ಚರ, ಇನ್ನೊಬ್ಬರ ನಿದ್ದೆ*

ಭೀಮರಾವ್ ಮುಂಬೈಯಲ್ಲಿ ಹೈಸ್ಕೂಲು ಓದುವಾಗ ಪರೇಲಿನ ಚಾಳಿನಲ್ಲಿ ಇಡೀ ಕುಟುಂಬಕ್ಕೆ ಒಂದೇ ಕೋಣೆ. ಅಡುಗೆ ಅಲ್ಲೇ, ಸೌದೆ ಅಲ್ಲೇ, ಹೊಗೆ ಅಲ್ಲೇ. ಓದಲು ಜಾಗವಿಲ್ಲ, ಸದ್ದಿಲ್ಲದ ಹೊತ್ತಿಲ್ಲ. ತಂದೆ ರಾಮ್‌ಜಿ ಸಕ್ಪಾಲರು ಒಂದು ದಾರಿ ಕಂಡುಕೊಂಡರು. ಮಗನನ್ನು ಸಂಜೆಯೇ ಬೇಗ ಮಲಗಿಸುತ್ತಿದ್ದರು. ತಾವು ರಾತ್ರಿ ಎರಡು ಗಂಟೆಯ ತನಕ ಎದ್ದಿದ್ದು, ಎರಡಕ್ಕೆ ಮಗನನ್ನು ಎಬ್ಬಿಸಿ, ಆಮೇಲೆ ತಾವು ಮಲಗುತ್ತಿದ್ದರು. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಹುಡುಗ ಬೆಳಗಿನ ತನಕ ಓದುತ್ತಿದ್ದ. 1907ರಲ್ಲಿ ಮೆಟ್ರಿಕ್ ಪಾಸಾದ.

ಈ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ "ನೋಡು, ಬಾಬಾಸಾಹೇಬರು ಎರಡು ಗಂಟೆಗೆ ಎದ್ದು ಓದಿದರು, ನೀನು ಮಲಗ್ತೀಯಾ" ಎಂದು ಮುಗಿಸುತ್ತೇವೆ. ಅರ್ಧ ಕಥೆ ಬಿಟ್ಟಂತಾಯಿತು. ಮಗನಿಗೆ ಮೊದಲು ನಿದ್ದೆ ಸಿಗಲಿ ಎಂದು ಒಬ್ಬ ತಂದೆ ತನ್ನ ನಿದ್ದೆಯನ್ನು ತಡೆದು ಕಾದದ್ದೂ ಆ ಕಥೆಯಲ್ಲಿದೆ. ಒಂದೇ ಕೋಣೆಯ ಬಡತನದಲ್ಲಿ ಅವರು ರಾತ್ರಿಯನ್ನು ಹಂಚಿಕೊಂಡರು. ಸಂವಿಧಾನ ಬರೆದ ಕೈಯ ಹಿಂದೆ ಹಾಗೆ ಕಾದು ಕೂತ ಒಬ್ಬ ಅಪ್ಪನಿದ್ದಾನೆ.

ಮರುದಿನ ನಾನು ತರಗತಿಯಲ್ಲಿ ಎಲ್ಲರೆದುರು ಆ ಮಗುವಿನ ಹತ್ತಿರ ತಪ್ಪಾಯಿತು ಎಂದೆ. ಎಲ್ಲರೆದುರು ಅಂದಿದ್ದನ್ನು ಎಲ್ಲರೆದುರೇ ವಾಪಸ್ ತಗೊಳ್ಳಬೇಕಿತ್ತು. ಸಂಜೆ ಅವರ ಮನೆಗೆ ಹೋದೆ. ತಾಯಿ ಹೇಳಿದರು: "ಮೊಗ್ಗು ನಮ್ಮ ಮಾತು ಕೇಳಲ್ಲ ಸಾರ್. ಹೊತ್ತೇರಿದ್ರೆ ಬಾಡ್ತಾವೆ, ಪೇಟೆ ಗಾಡಿನೂ ಹೋಗ್ಬಿಡ್ತೈತೆ. ಒಬ್ಬಳ ಕೈಗೆ ಎಷ್ಟು ಸಿಕ್ತಾವೆ?" ನನ್ನ ಹತ್ತಿರ ಉತ್ತರವಿರಲಿಲ್ಲ. ಬಡತನಕ್ಕೆ ಉಪದೇಶ ಮದ್ದಲ್ಲ. ಆದರೂ ಇಬ್ಬರೂ ಸ್ವಲ್ಪ ಸ್ವಲ್ಪ ಸರಿದೆವು. ಮಗಳನ್ನು ರಾತ್ರಿ ಎಂಟೂವರೆಗೆ ಮಲಗಿಸುವುದಾಗಿ, ಪರೀಕ್ಷೆಯ ದಿನಗಳಲ್ಲಿ ತಾನೊಬ್ಬಳೇ ಹೋಗುವುದಾಗಿ ತಾಯಿ ಒಪ್ಪಿದರು. ಏಳನೇ ತರಗತಿಯ ಕನ್ನಡವನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಂಡೆ. ಮೊದಲ ಪೀರಿಯಡ್ಡಿಗೆ ಹೊರಗಿನ ಆಟ ಬಂತು. ಅವಳ ತೂಕಡಿಕೆ ಪೂರ್ತಿ ಹೋಗಲಿಲ್ಲ. ತೂಕಡಿಸಿದ ದಿನ ಹತ್ತು ನಿಮಿಷ ಬಿಡುತ್ತಿದ್ದೆ, ಆಮೇಲೆ ಭುಜ ಮುಟ್ಟಿ ಎಬ್ಬಿಸುತ್ತಿದ್ದೆ. ಸಂಧಿ ಅವಳಿಗೆ ಚೆನ್ನಾಗಿಯೇ ಬಂತು.

ಈಗ ಭಾನುವಾರದ ಆ ತಾಯಿಗೆ ನನ್ನ ಉತ್ತರ.

ಅವ್ವ, ನೀವು ಧಮ್ಮಕ್ಕೆ ಲಾಯಕ್ಕೇ. ಹಗಲೆಲ್ಲ ದುಡಿದು, ಎಲ್ಲರಿಗೂ ಉಣ್ಣಲು ಇಟ್ಟು ಕೂತಾಗ ಬರುವುದು ನೀವರಣವಲ್ಲ, ದಣಿವು. ಮೊಗ್ಗಲ್ಲಾನರಿಗೆ ಹೇಳಿದ್ದೇ ನಿಮಗೂ. ಕಣ್ಣಿಗೆ ನೀರು ಹಾಕಿಕೊಳ್ಳಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ, ನಕ್ಷತ್ರ ನೋಡಿ. ಆದರೂ ಬಂದರೆ ಮಲಗಿರಿ. ಬೆಳಿಗ್ಗೆ ಎದ್ದಾಗ ಹಾಸಿಗೆಯ ಮೇಲೆಯೇ ಹತ್ತು ಉಸಿರು ಗಮನವಿಟ್ಟು ನೋಡಿ. ಅಷ್ಟೂ ಧ್ಯಾನವೇ. ನಿಮ್ಮ ಜೊತೆ ರೊಟ್ಟಿ ಬಡಿಯಲು, ಪಾತ್ರೆ ತಿಕ್ಕಲು ಮನೆಯ ಗಂಡಸರು ಕೈ ಹಚ್ಚಿದರೆ ನಿಮ್ಮ ಧ್ಯಾನಕ್ಕೂ ಹೊತ್ತು ಸಿಗುತ್ತದೆ. ಈ ಮಾತನ್ನು ನನ್ನನ್ನೂ ಸೇರಿಸಿ ಬಳಗದ ಎಲ್ಲ ಗಂಡಸರಿಗೆ ಹೇಳುತ್ತಿದ್ದೇನೆ.

ಇಂದಿನ ಅಭ್ಯಾಸ ಮೂರು:

ಒಂದು, ಇವತ್ತು ರಾತ್ರಿ ಮನೆಯ ಮಕ್ಕಳನ್ನು ಒಂದು ಗಂಟೆ ಮೊದಲು ಮಲಗಿಸಿ. ಟಿವಿ, ಮೊಬೈಲು ಆರಿಸಿ, ದೊಡ್ಡವರು ದನಿ ತಗ್ಗಿಸಿ.

ಎರಡು, ಯಾರನ್ನಾದರೂ ಸೋಮಾರಿ ಎನ್ನುವ ಮೊದಲು ಅವರು ಎಷ್ಟು ಹೊತ್ತಿಗೆ ಎದ್ದರು ಎಂದು ಕೇಳಿ. ಅವರ ಕೈ ನೋಡಿ.

ಮೂರು, ಮಲಗುವ ಮುನ್ನ ಒಂದು ನಿಮಿಷ ನೆನೆಯಿರಿ: ಇವತ್ತು ನಾನು ಕಣ್ಣು ತೆರೆದುಕೊಂಡೇ ಎಲ್ಲಿ ಮೈಮರೆತೆ? ಸಿಕ್ಕಿದರೆ ನಾಳೆ ತಿದ್ದಿಕೊಳ್ಳುವುದೆಂದುಕೊಂಡು ನಿಶ್ಚಿಂತೆಯಿಂದ ಮಲಗಿ.

ಎಲ್ಲರಿಗೂ ಒಳ್ಳೆಯ ಎಚ್ಚರ ಸಿಗಲಿ, ಒಳ್ಳೆಯ ನಿದ್ದೆಯೂ ಸಿಗಲಿ.

ನಮೋ ಬುದ್ಧಾಯ. ಜೈ ಭೀಮ್.